ಮೂಲೆ ಹರಿದ ಕಾರ್ಡು

ನನ್ನ ಅತ್ತೆ ಸತ್ತ ಸುದ್ದಿ ಬರೆದವಳು ನಾನೇ. ಹದಿನೈದು ಪೈಸೆಯ ಕಾರ್ಡಿನ ಮೇಲೆ, ನೀಲಿ ಶಾಯಿಯಲ್ಲಿ. ಸತ್ತವರೇ ಎದುರಿಗೆ ಕೂತು ಒಂದೊಂದು ಮಾತನ್ನೂ ಹೇಳಿ ಬರೆಸಿದರು. ಈ ಕಥೆ ಹೇಳಿದರೆ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅವಳ ಜೊತೆ ನಾನೂ ನಗುತ್ತೇನೆ, ಆದರೆ ಆ ಏಳೆಂಟು ತಿಂಗಳ ಹೆದರಿಕೆ ಪೂರ್ತಿ ಬಿಟ್ಟುಹೋಗಿದೆ ಎಂದು ಹೇಳಲಾರೆ.

ಎಂಬತ್ತರ ದಶಕದ ನಡುವಿನ ಮಾತು. ನಾವು ವಿಜಾಪುರದ ಕಡೆಯವರು. ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಅವರಿಗೆ ಎಲ್ಲಿಗೆ ವರ್ಗವಾದರೆ ಅಲ್ಲಿಗೆ ಟ್ರಂಕು, ಸ್ಟೋವು, ಅತ್ತೆ, ಮಗಳು, ನಾನು, ಎಲ್ಲ ಸಾಮಾನೂ ಹಿಂದಿನಿಂದ ಹೋಗಬೇಕು. ಮೊದಲು ಐದು ವರ್ಷ ಔರಂಗಾಬಾದಿನಲ್ಲಿದ್ದೆವು. ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಅಲ್ಲಿಂದ ನಾಸಿಕಕ್ಕೆ ಬಂದೆವು. ಅತ್ತೆಯ ಫ್ಯಾಮಿಲಿ ಪೆನ್ಶನ್ ಮಾತ್ರ ಔರಂಗಾಬಾದಿನ ಬ್ಯಾಂಕಿನಲ್ಲೇ ಉಳಿಯಿತು. ಅದೇ ಬ್ಯಾಂಕಿನಲ್ಲಿ ಅತ್ತೆಯ ಅಳಿಯ, ಅಂದರೆ ನನ್ನ ನಾದಿನಿಯ ಗಂಡ, ಗುಮಾಸ್ತರಾಗಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಅತ್ತೆ ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡು ಬರುತ್ತಿದ್ದರು.

ಮಾವ ಹೋಗಿ ಆಗ ಹನ್ನೆರಡು ವರ್ಷವಾಗಿತ್ತು. ಆ ಪೆನ್ಶನ್ನು ದೊಡ್ಡ ಮೊತ್ತವೇನಲ್ಲ. ಆದರೆ ನಮ್ಮ ಮನೆಯಲ್ಲಿ ಅತ್ತೆ ಯಾವ ದನಿಯಲ್ಲಿ ಮಾತಾಡುತ್ತಿದ್ದರೋ ಆ ದನಿಗೆ ಅದೇ ಆಧಾರ. ಮೂಗಿಗೇರಿಸುವ ತಮ್ಮ ತಪಕೀರು, ತಮ್ಮ ಸೀರೆ, ಸೋಮವಾರ ಗೋದಾವರಿಯ ದಂಡೆಗೆ ಹೋಗುವ ರಿಕ್ಷಾ, ಮೊಮ್ಮಗಳಿಗೆ ಬಳೆ, ಎಲ್ಲ ಅವರದೇ ಖರ್ಚು. ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೆ ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಒಂದಕ್ಕೆ ಎರಡು ಕೊಡುತ್ತಿದ್ದೆ. ಸಂಜೆ ಇಬ್ಬರೂ ಒಂದೇ ತಾಟಿನಲ್ಲಿ ಬಟಾಣಿ ಬಿಡಿಸುತ್ತ ಕೂರುತ್ತಿದ್ದೆವು.

ಅತ್ತೆಗೆ ಒಬ್ಬರು ಅಕ್ಕ ಇದ್ದರಂತೆ. ಅವರಿಗೆ ಪೆನ್ಶನ್ ಇರಲಿಲ್ಲ, ನಾಲ್ಕು ಗಂಡುಮಕ್ಕಳಿದ್ದರು. ಒಬ್ಬೊಬ್ಬರ ಮನೆಯಲ್ಲಿ ಮೂರು ಮೂರು ತಿಂಗಳು ಎಂದು ಮಕ್ಕಳು ಕೂತು ಮಾತಾಡಿ ಹಂಚಿಕೊಂಡಿದ್ದರು. ಎರಡನೆಯ ಮಗನ ಮನೆಯಿಂದ ಮೂರನೆಯವನ ಮನೆಗೆ ಹೋಗುವಾಗ ಆ ಮುದುಕಿ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತಲ್ಲೇ ಸತ್ತರು. ಯಾವ ಮಗನ ಪಾಳಿಯಲ್ಲಿ ಸತ್ತಳು ಎಂದು ತಿಥಿಯ ಖರ್ಚಿಗಾಗಿ ಜಗಳವಾಯಿತಂತೆ. ಅತ್ತೆ ಇದನ್ನು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಹೇಳಿ ಮುಗಿಸಿ, "ನನಗ ಆ ಹೆದರಿಕಿ ಇಲ್ಲವಾ. ನನ್ನ ಗಂಡ ಹೋದ್ರೂ ನನಗ ಪಗಾರ ಹಚ್ಚಿ ಹೋಗ್ಯಾರ" ಎನ್ನುತ್ತಿದ್ದರು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅವರು ಗಚ್ಚಿಯ ಮೇಲೆ ಹಪ್ಪಳ ಹಾಕಲು ಹೋಗಿದ್ದರು. ಯಜಮಾನರು ಆಫೀಸಿನ ಕೆಲಸದ ಮೇಲೆ ಹತ್ತು ದಿನ ಮುಂಬಯಿಗೆ ಹೋಗಿದ್ದರು. ಗಚ್ಚಿಯಿಂದ ಒಂದು ಕೂಗು ಕೇಳಿಸಿತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅತ್ತೆಯೇ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದರು. ಸೆರಗು ಜಾರಿತ್ತು, ತಲೆಗೂದಲು ಕೆದರಿತ್ತು.

"ಕಾಗಿ ತಲಿ ಮ್ಯಾಲೆ ಕುಂತು ಬಡದು ಹೋತು" ಎಂದರು. ಅವರ ತುಟಿ ಬಿಳುಚಿದ್ದವು.

ನಮ್ಮ ಕಡೆ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಎಂದೇ ಲೆಕ್ಕ. ಅದಕ್ಕೆ ಪರಿಹಾರವೂ ಇದೆ. ಕಾಗೆ ಮುಟ್ಟಿದವರು ಸತ್ತೇ ಹೋದರು ಎಂದು ರಕ್ತಸಂಬಂಧಿಗಳಿಗೆ ಸುದ್ದಿ ಕಳಿಸಬೇಕು. ಅವರು ಅದನ್ನು ನಿಜವೆಂದೇ ನಂಬಿ ಅಳಬೇಕು. ಅತ್ತರೆ ಸಾವಿನ ಪಾಲು ಸಂದ ಹಾಗೆ, ಗಂಡಾಂತರ ಕಳೆಯಿತು. ಎರಡು ಮೂರು ದಿನ ಬಿಟ್ಟು, ಏನೂ ಆಗಿಲ್ಲ, ಕಾಗೆ ಮುಟ್ಟಿತ್ತು ಎಂದು ಇನ್ನೊಂದು ಕಾಗದ ಬರೆಯಬೇಕು. ಅತ್ತವರು ಎರಡು ಬೈದು ಸುಮ್ಮನಾಗುತ್ತಾರೆ. ನಾನು ಬಿ.ಎ. ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ನಾನೂ ಸೆರಗಿನಿಂದ ತಲೆ ಮುಚ್ಚಿಕೊಂಡೆ.

ಅತ್ತೆ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡು ಬಂದು ಕೂತರು. "ಕಾರ್ಡ್ ತಗಿ. ನಮ್ಮ ಹುಡುಗಿಗೆ ಬರಿ" ಎಂದರು. ಹುಡುಗಿ ಎಂದರೆ ನನ್ನ ನಾದಿನಿ.

"ಅತ್ತಿ, ಪಾಪ ಅಕ್ಕಾರು ಎಷ್ಟ್ ಅಳತಾರ್ರಿ."

"ಅಳಲಿ ಅಂತನs ಬರಸೂದು. ಸುಳ್ಳ ಅಳಾವ್ರು ಬೇಕಾದಷ್ಟ ಮಂದಿ ಸಿಗತಾರ. ಖರೇ ಅಳಾಕಿ ಆಕಿ ಒಬ್ಬಾಕಿ."

ಮಗ ಇದ್ದಾನಲ್ಲ, ಸೊಸೆ ಇದ್ದೇನಲ್ಲ ಎಂದು ನಾನು ಕೇಳಲಿಲ್ಲ. ಬರೆದೆ. ಒಂದೇ ವಾಕ್ಯ: ಅತ್ತೆಯವರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ವಾಕ್ಯ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಹಿಂದಿನ ದಿನವಷ್ಟೇ ಜಗಳವಾಡಿದ್ದೆವು. ಅಕ್ಷರ ದುಂಡಗೆ ಬಂದವು. ಆಮೇಲೆ ನನಗೆ ಹೆಚ್ಚು ಹೆದರಿಕೆಯಾದದ್ದು ಕಾಗೆಯದಲ್ಲ, ಆ ದುಂಡು ಅಕ್ಷರಗಳದು.

ಸಾವಿನ ಕಾರ್ಡಿಗೆ ಒಂದು ಮೂಲೆ ಹರಿಯಬೇಕು. ಅದು ಮರಾಠಿಯವರಲ್ಲೂ ಉಂಟು, ನಮ್ಮಲ್ಲೂ ಉಂಟು. ಮೂಲೆ ಹರಿದದ್ದು ಕಂಡರೆ ಒಳಗೆ ತರುವುದಿಲ್ಲ, ಬಾಗಿಲ ಹೊರಗೇ ಓದಿ ಚೂರು ಮಾಡಿ ಎಸೆಯುತ್ತಾರೆ. ಅತ್ತೆ ತಾವೇ ಮೂಲೆ ಹರಿದು ಕೊಟ್ಟರು. ವಿಳಾಸ ಬರೆಯುವಾಗ ಒಂದು ತೊಡಕು ಬಂತು. ನಾದಿನಿಯವರು ಹಿಂದಿನ ತಿಂಗಳಷ್ಟೇ ಮನೆ ಬದಲಿಸಿದ್ದರು, ಹೊಸ ವಿಳಾಸ ನಮ್ಮ ಹತ್ತಿರ ಇರಲಿಲ್ಲ. ನಾನು ಹಿಂದೆಮುಂದೆ ನೋಡದೆ ಅಳಿಯನ ಹೆಸರು ಹಾಕಿ ಬ್ಯಾಂಕಿನ ವಿಳಾಸ ಬರೆದೆ. ನನ್ನ ತಪ್ಪು ಇಷ್ಟೇ, ಆದರೆ ಇಷ್ಟು ಸಾಕಾಯಿತು.

ಮುಂದಿನದನ್ನು ನಾದಿನಿಯ ಗಂಡ ಆಮೇಲೆ ಎಷ್ಟೋ ಸಲ ಹೇಳಿದರು. ಕಾರ್ಡು ತಲುಪಿದ್ದು ಹಗಲು ಹನ್ನೊಂದು ಗಂಟೆಗೆ, ಗಿರಾಕಿಗಳು ತುಂಬಿದ್ದಾಗ. ತಂದುಕೊಟ್ಟ ಸಿಪಾಯಿಗೆ ಕನ್ನಡ ಬಾರದು, ಆದರೆ ಮೂಲೆ ಹರಿದದ್ದು ಎಲ್ಲರಿಗೂ ಓದಲು ಬರುತ್ತದೆ. ಕ್ಷಣದಲ್ಲಿ ಇಡೀ ಬ್ಯಾಂಕು ಅವರ ಸುತ್ತ ನಿಂತಿತು. ಅವರು ಓದಿದರು, ಮೆಟ್ಟಿಲಿಗೆ ಬಂದು ಚೂರು ಚೂರು ಮಾಡಿದರು. ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು, "ಯಾರು ಹೋದದ್ದು?" ಎಂದು ಕೇಳಿದರು. ಸತ್ತವರ ಪೆನ್ಶನ್ ಫೈಲು ಅದೇ ಕೋಣೆಯ ಕಪಾಟಿನಲ್ಲಿತ್ತು. ಪೆನ್ಶನ್ ಪಡೆಯುವವರು ಸತ್ತರೆ ಕೂಡಲೇ ತಿಳಿಸಬೇಕು, ಬ್ಯಾಂಕಿನವರೇ ಮುಚ್ಚಿಟ್ಟರೆ ನೌಕರಿಗೆ ಸಂಚಕಾರ. ನೀಯತ್ತಿನ ಮನುಷ್ಯ ಅವರು. ಕಣ್ಣೀರು ಒರೆಸಿಕೊಂಡು ಅಲ್ಲೇ ಕೂತು ಎರಡು ಸಾಲು ಬರೆದುಕೊಟ್ಟು ಸಹಿ ಮಾಡಿದರು. ಕಾಗೆಯ ವಿಷಯ ಅವರ ತಲೆಗೆ ಹೊಳೆಯಲೇ ಇಲ್ಲವಂತೆ. ಆಮೇಲೆ ಮನೆಗೆ ಹೋಗಿ ಹೆಂಡತಿಗೆ ಹೇಳಿದರು.

ಮರುದಿನ ಮಧ್ಯಾಹ್ನ ಇಬ್ಬರೂ ನಾಸಿಕದ ನಮ್ಮ ಬಾಗಿಲಿಗೆ ಬಂದರು. ನಾದಿನಿ ಓಣಿಯ ತುದಿಯಿಂದಲೇ ಎದೆ ಬಡಿದುಕೊಂಡು ಅಳುತ್ತ ಬರುತ್ತಿದ್ದಳು. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ನಾದಿನಿ ಹೊಸ್ತಿಲಲ್ಲಿ ನಿಂತಳು, ಒಂದು ಸಲ ಚೀರಿದಳು, ಹಾಗೇ ಗೋಡೆಗೆ ಆತುಕೊಂಡು ಕುಸಿದಳು. ಅತ್ತೆ ಮೊರ ಬಿಟ್ಟು ಎದ್ದರು. ಮುಖ ತುಂಬ ಸಂತೋಷ.

"ಅತ್ತೇನವಾ? ಖರೇ ಅತ್ತೇನು? ಸಾಕ್ ಬಿಡು, ಹೋತು ಪೀಡಾ. ಕಾಗಿ ಮುಟ್ಟಿತ್ತು."

ನಾನು ಅಳಿಯನ ಮುಖ ನೋಡಿದೆ. ಬದುಕಿದ್ದಾರೆ ಎಂದು ಹಿಗ್ಗಬೇಕಾದ ಮುಖ ಬೂದಿಯಾಗಿತ್ತು. ಅವರು ಚಪ್ಪಲಿಯನ್ನೂ ಬಿಡದೆ ನೆಲಕ್ಕೆ ಕೂತು, "ನಾ ಬರದು ಕೊಟ್ಟು ಬಂದೇನ್ರಿ" ಎಂದರು. "ಪೆನ್ಶನ್ ಬಂದ್ ಮಾಡ್ರಿ, ನಮ್ಮತ್ತಿ ತೀರಿಕೊಂಡ್ರು ಅಂತ ಸಹಿ ಮಾಡಿ ಕೊಟ್ಟೇನಿ. ಕಾಗದ ನಿನ್ನೇನs ಮ್ಯಾಲಿನ ಆಫೀಸಿಗೆ ಹೋಗೇದ."

ಅತ್ತೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅತ್ತು ಸಹಿ ಮಾಡಿದ್ರೋ, ಸಹಿ ಮಾಡಿ ಅತ್ರೋ?" ಅಳಿಯ ತಲೆ ತಗ್ಗಿಸಿದರು. ಮೊರದಲ್ಲಿದ್ದ ಅಕ್ಕಿಯನ್ನು ನಾನು ಒಳಗೆ ಒಯ್ದು ಇಟ್ಟೆ.

ಯಜಮಾನರು ಮುಂಬಯಿಯಿಂದ ಬಂದು ಎಲ್ಲ ಕೇಳಿದರು. ಅವರು ಸಿಟ್ಟಾದರೆ ಕೂಗುವುದಿಲ್ಲ, ದನಿ ಇನ್ನೂ ಇಳಿಯುತ್ತದೆ. ಅದೇ ನನಗೆ ಹೆಚ್ಚು ಭಯ. "ಸರಕಾರಕ್ಕ ಸುಳ್ಳ ಸಾವು ತಿಳಸೇವಿ. ಇದು ಹೊರಗ ಬಿತ್ತಂದ್ರ ಭಾವನ ನೌಕರಿ ಮೊದಲ ಹೋಗತದ, ಆಮ್ಯಾಲ ನಂದು" ಎಂದರು. ಕಾಗೆ ಮುಟ್ಟಿತ್ತು ಸಾಹೇಬರೇ ಎಂದು ಯಾವ ಅರ್ಜಿಯಲ್ಲಿ ಬರೆಯಲು ಬರುತ್ತದೆ? ಕೊನೆಗೆ ಇಬ್ಬರೂ ಗಂಡಸರು ಕೂತು ಒಂದು ಅರ್ಜಿ ಹೊಸೆದರು. ಯಾರೋ ಕಿಡಿಗೇಡಿಗಳು ತಪ್ಪು ಸುದ್ದಿಯ ಕಾರ್ಡು ಕಳಿಸಿದ್ದರು, ಅದನ್ನು ನಂಬಿ ಬರೆದುಕೊಟ್ಟದ್ದು, ಪೆನ್ಶನ್ನುದಾರಳು ಜೀವಂತ ಇದ್ದಾಳೆ. ಹೀಗೆ ಸರ್ಕಾರದ ಕಡತದಲ್ಲಿ ನಾನು ಕಿಡಿಗೇಡಿಯಾದೆ. ಕಾರ್ಡು ಚೂರಾಗಿ ಹೋಗಿತ್ತು, ಅಕ್ಷರ ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ. ಆದರೂ ಅಂದಿನಿಂದ ಅಂಗಡಿಯ ಚೀಟಿ ಬರೆಯುವಾಗಲೂ ಅಕ್ಷರ ಸೊಟ್ಟ ಮಾಡಿ ಬರೆಯತೊಡಗಿದೆ. ಹೆದರಿದವರ ಬುದ್ಧಿ ಎಷ್ಟು ದೂರ ಹೋಗುತ್ತದೆ ನೋಡಿ.

ಅರ್ಜಿ ಹೋಯಿತು. ಮೇ ಹೋಯಿತು, ಜೂನ್ ಹೋಯಿತು. ಒಂದು ಕಾಗದ ಬಂತು: ಸಾವಿನ ವರದಿ ಯಾವ ಆಧಾರದ ಮೇಲೆ ಕೊಟ್ಟಿರಿ? ಅದಕ್ಕೆ ಉತ್ತರ ಹೋಯಿತು. ಇನ್ನೊಂದು ಬಂತು: ಜೀವಂತ ಇರುವುದಕ್ಕೆ ಪುರಾವೆ ಏನು? ಅದಕ್ಕೂ ಉತ್ತರ ಹೋಯಿತು. ಪೆನ್ಶನ್ ಮಾತ್ರ ಬರಲಿಲ್ಲ. ಅಂಚೆಯವನು ನಮ್ಮ ಓಣಿಗೆ ತಿರುಗಿದರೆ ನಾನು ಒಲೆ ಸಣ್ಣ ಮಾಡಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಅವನು ಮುಂದೆ ಹೋದರೆ ಒಂದು ಭಯ, ನಮ್ಮಲ್ಲಿ ನಿಂತರೆ ಇನ್ನೊಂದು.

ಅತ್ತೆ ಬದಲಾದದ್ದು ಆ ಮಳೆಗಾಲದಲ್ಲಿ. ಮೊದಲು ತಪಕೀರು ನಿಂತಿತು. ನಾನೇ ತಂದುಕೊಟ್ಟರೆ, "ತಲಿ ನೋಯತದ, ಬ್ಯಾಡ" ಎಂದರು. ಆಮೇಲೆ ಚಹಾ ಅರ್ಧ ಕಪ್ಪಾಯಿತು. ಉಂಡ ತಾಟನ್ನು ತಾವೇ ತೊಳೆದಿಡತೊಡಗಿದರು. ಒಂದು ದಿನ ನಾನು ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಸುಮ್ಮನೆ ಉಂಡರು. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ನನ್ನನ್ನು ಬಯ್ಯುವ ಅತ್ತೆ ನಿಜವಾಗಿಯೂ ಸತ್ತುಹೋಗಿದ್ದರು, ಬರೆದವಳು ನಾನು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ನೋಡುತ್ತೇನೆ, ಅವರು ತಮ್ಮ ಟ್ರಂಕು ಎಳೆದು ಸೀರೆ ಮಡಚಿ ಇಡುತ್ತಿದ್ದಾರೆ. "ಎಲ್ಲಿಗ್ರೀ ಅತ್ತಿ?" ಎಂದೆ.

"ಎಲ್ಲಿಗೂ ಇಲ್ಲ. ಸಜ್ಜ ಇರಲಿ ಅಂತ." ಇನ್ನೊಂದು ಸೀರೆ ಮಡಚುತ್ತ ಮುಖ ಎತ್ತದೆ ಕೇಳಿದರು. "ನಿನ್ನ ಗಂಡ, ನಮ್ಮ ಹುಡುಗಿ, ಇಬ್ಬರೂ ಮಾತಾಡ್ಯಾರೇನು? ಯಾರ ಮನ್ಯಾಗ ಎಷ್ಟ ತಿಂಗಳಾ ಅಂತ?"

ಬಸ್ ಸ್ಟ್ಯಾಂಡಿನ ಆ ಮುದುಕಿಯನ್ನು ನಾನು ಕಣ್ಣಾರೆ ಕಂಡವಳಲ್ಲ, ಆದರೂ ಆ ಹೊತ್ತಿನಲ್ಲಿ ಕಂಡ ಹಾಗಾಯಿತು. ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ನೂಕಿ, "ಹಿಂಗ ಇನ್ನೊಮ್ಮೆ ಅಂದ್ರಂದ್ರ ನಾನs ಮನಿ ಬಿಟ್ಟ ಹೋಗತೇನ್ರಿ" ಎಂದೆ. ನನಗೆ ಪ್ರೀತಿ ತೋರಿಸಲು ಸಿಟ್ಟು ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ.

ಇನ್ನೊಂದು ದಿನ ಇನ್ನೂ ಒಂದು ಸಂಗತಿ ನಡೆಯಿತು. ಪಕ್ಕದ ಚಾಳಿನ ಮರಾಠಿ ಅಜ್ಜಿಯೊಬ್ಬಳಿಗೆ ತಹಸೀಲು ಕಚೇರಿಯಿಂದ ನಿರಾಧಾರರ ಸಹಾಯಧನ ಬರುತ್ತಿತ್ತು. ದಿಕ್ಕಿಲ್ಲದ ಮುದುಕರಿಗೆ ಸರ್ಕಾರ ಕೊಡುವ ಸಣ್ಣ ದುಡ್ಡು ಅದು. ಅತ್ತೆ ಅವಳ ಹತ್ತಿರ ಕೂತು ಮುರುಕು ಮರಾಠಿಯಲ್ಲಿ ಎಲ್ಲ ವಿಚಾರಿಸಿಕೊಂಡು ಬಂದಿದ್ದರು. "ಮಗ ಇದ್ರ ಕೊಡೂದಿಲ್ಲಂತ. ಮಗ ಇಲ್ಲ ಅಂತ ಬರದ್ರ ಹೆಂಗ?" ಎಂದು ನನ್ನನ್ನು ಕೇಳಿದರು. ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ, ಲೆಕ್ಕ ಹಾಕುತ್ತಿದ್ದರು. ಮಗ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಕೇಳಿಸಿತು ಎಂದು ನನಗೆ ಗೊತ್ತು, ಏಕೆಂದರೆ ಹಾಳೆ ತಿರುವುವ ಸಪ್ಪಳ ನಿಂತಿತು.

ದೀಪಾವಳಿ ಮುಗಿದ ಮೇಲೆ ಕರೆ ಬಂತು. ಪೆನ್ಶನ್ನುದಾರಳನ್ನು ಖುದ್ದಾಗಿ ಔರಂಗಾಬಾದಿನ ಬ್ಯಾಂಕಿಗೆ ಕರೆತರಬೇಕು, ಅಧಿಕಾರಿಗಳು ಗುರುತು ಪರಿಶೀಲಿಸಿ ಹಯಾತಿ ದಾಖಲೆ, ಅಂದರೆ ಬದುಕಿದ್ದಾರೆ ಎಂಬ ಪತ್ರ, ಕೊಟ್ಟರೆ ಪೆನ್ಶನ್ ಮತ್ತೆ ಶುರು. ಕೊಡದಿದ್ದರೆ ಕಡತ ಕಾಯಂ ಮುಚ್ಚುತ್ತಾರೆ. ಎಂಟು ದಿನ ಸಮಯವಿತ್ತು. ಆ ಎಂಟು ದಿನ ಅತ್ತೆ ಸಾಯಬಾರದು ಎಂಬುದೊಂದೇ ನಮ್ಮ ಮನೆಯ ಜಪ. ನಾಸಿಕದ ಚಳಿ ಶುರುವಾಗಿತ್ತು. ನಾಲ್ಕನೆಯ ದಿನ ಅವರಿಗೆ ಜ್ವರ ಬಂತು. ನಾನು ಎದೆಗೆ ಎಣ್ಣೆ ತಿಕ್ಕಿದೆ, ಕಷಾಯ ಕುಡಿಸಿದೆ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಇನ್ನೂ ಅದೇನಿ" ಎಂದರು.

ಮನ್ಮಾಡಿನಲ್ಲಿ ಗಾಡಿ ಬದಲಿಸಬೇಕು. ಆಗ ಅಲ್ಲಿಂದ ಔರಂಗಾಬಾದಿಗೆ ಮೀಟರ್ ಗೇಜಿನ ಗಾಡಿ. ಪ್ಲಾಟ್‌ಫಾರ್ಮಿನ ಮೇಲೆ ಯಜಮಾನರು ಒಂದು ಕಡೆ, ನಾನು ಒಂದು ಕಡೆ, ನಡುವೆ ಶಾಲು ಸುತ್ತಿದ ಅತ್ತೆ. ಕೂಲಿಯೊಬ್ಬ ತಾಗಿ ಹೋದರೂ ಇಬ್ಬರೂ ಬೆಚ್ಚಿ ಅವರನ್ನು ಹಿಡಿಯುತ್ತಿದ್ದೆವು. ಗಾಡಿ ಹತ್ತಿ ಕೂತ ಮೇಲೆ ಅತ್ತೆ ಮೆಲ್ಲಗೆ ನನ್ನ ಕಿವಿಯಲ್ಲಿ, "ಅವರು ಇಲ್ಲ ಅಂದ್ರ ಏನ್ ಮಾಡೂದು?" ಎಂದರು.

"ಹೆಂಗ ಅಂತಾರ್ರಿ? ಎದುರಿಗೆ ಕುಂತಿರತೀರಲ್ಲ."

"ಕುಂತಿದ್ರ ಏನಾತು? ಅಳಿಯ ನನ್ನ ಬಲ್ಲಾವ ಇದ್ದೂ ಸಹಿ ಮಾಡ್ದ. ಅವರಿಗೆ ನನ್ನ ಗುರ್ತೂ ಇಲ್ಲ." ನಾನು ಶಾಲನ್ನು ಅವರ ಕಿವಿಯ ತನಕ ಎಳೆದು ಹೊದಿಸಿದೆ.

ಬ್ಯಾಂಕಿನಲ್ಲಿ ಹಳೆಯ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಕಟ್ಟುನಿಟ್ಟಿನ ಮನುಷ್ಯ, ಆದರೆ ಕೆಟ್ಟವರೆಂದು ನಾನು ಹೇಳಲಾರೆ. ಅವರೂ ಹೆದರಿದ್ದರು. ಸತ್ತ ಮುದುಕಿಯ ಜಾಗದಲ್ಲಿ ಬೇರೆ ಮುದುಕಿಯನ್ನು ತಂದು ಕೂರಿಸಿ ಪೆನ್ಶನ್ ಎತ್ತಿದ ಪ್ರಕರಣ ಅವರು ಹಿಂದೆ ಎಲ್ಲೋ ಕಂಡಿದ್ದರಂತೆ. ನಮಗೆ ಅದು ಗೊತ್ತಾದದ್ದು ಅವರು ಹೇಳಿದ ಮೇಲೆ. ನಾವು ಅದೇ ಕೆಲಸ ಮಾಡುತ್ತಿರಬಹುದು ಎಂದು ಅವರು ಯೋಚಿಸುತ್ತಿದ್ದಾರೆ ಎಂಬುದು ಹೊಳೆದು ನಾನು ಅತ್ತೆಯ ಕುರ್ಚಿಗೆ ಇನ್ನೂ ಹತ್ತಿರ ಸರಿದೆ.

"ಅಳಿಯ ಸತ್ತಿದ್ದಾಳೆ ಎಂದು ಸಹಿ ಮಾಡಿದ್ದಾರೆ, ಮಗ ಬದುಕಿದ್ದಾಳೆ ಎಂದು ಸಹಿ ಮಾಡಿದ್ದಾರೆ. ನಾನು ಯಾರನ್ನು ನಂಬಲಿ?" ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆಯನ್ನು ಬಲ್ಲ ಗುಮಾಸ್ತರು, ಸಿಪಾಯಿ, ಎಲ್ಲ ಮುಂದೆ ಬಂದರು. "ನೀವು ಅವರ ಜೊತೆ ಕೆಲಸ ಮಾಡುವವರು, ನಿಮ್ಮ ಸಾಕ್ಷಿ ಬೇಡ" ಎಂದರು. ಹೆಬ್ಬೆಟ್ಟು ಒತ್ತಿಸಿದರು. ಐವತ್ತು ವರ್ಷ ರೊಟ್ಟಿ ಬಡಿದ, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳು. ಕಾಗದದ ಮೇಲೆ ಗೆರೆಯೇ ಮೂಡಲಿಲ್ಲ, ಬರೀ ಒಂದು ನೀಲಿ ಕಲೆ. ಇಷ್ಟು ವರ್ಷ ಮುಖ ಬಲ್ಲವರು ಗೆರೆ ನೋಡಿರಲಿಲ್ಲ. ಎರಡನೆಯ ಸಲ ಒತ್ತಿಸಿದರು, ಮೂರನೆಯ ಸಲ ಒತ್ತಿಸಿದರು. ಒತ್ತಿದಷ್ಟೂ ಕಲೆ ಇನ್ನೂ ಹರಡಿತು.

ಆಗ ಅವರು ಫೈಲಿನಿಂದ ಒಂದು ಫೋಟೊ ತೆಗೆದರು. ಮಾವ ರಿಟೈರ್ ಆದಾಗ ಪೆನ್ಶನ್ ಕಾಗದಕ್ಕೆಂದು ಗಂಡ ಹೆಂಡತಿ ಜೊತೆಗೆ ಕೂತು ತೆಗೆಸಿಕೊಂಡದ್ದು. ನಾನು ಅದನ್ನು ಅದೇ ಮೊದಲ ಸಲ ನೋಡಿದ್ದು. ತುಂಬಿದ ಗಲ್ಲದ ಹೆಂಗಸು, ಮೂಗಿನಲ್ಲಿ ನತ್ತು, ಹಣೆಯ ಮೇಲೆ ಕಾಸಿನಗಲ ಕುಂಕುಮ. ನನ್ನೆದುರಿಗೆ ಜ್ವರದಲ್ಲಿ ಇಳಿದುಹೋದ ಮುಖ, ಬೋಳು ಹಣೆ. ನನಗೇ ಒಂದು ಕ್ಷಣ ಅನುಮಾನ ಬಂತು, ಸುಳ್ಳೇಕೆ ಹೇಳಲಿ. ಮ್ಯಾನೇಜರು ಪೆನ್ಸಿಲಿನ ತುದಿಯಿಂದ ಫೋಟೊದ ಕುಂಕುಮ ಮುಚ್ಚಿ ನೋಡಿದರು, ಅತ್ತೆಯ ಮುಖ ನೋಡಿದರು, ಮತ್ತೆ ಫೋಟೊ ನೋಡಿದರು. ತಲೆ ಅಲ್ಲಾಡಿಸಿದರು. "ನನಗೆ ಖಾತ್ರಿಯಾಗುತ್ತಿಲ್ಲ. ಖಾತ್ರಿಯಾಗದೆ ಸಹಿ ಹಾಕಲಾರೆ."

ಯಜಮಾನರು ಕೈ ಮುಗಿದರು. ಕಚೇರಿಯಲ್ಲಿ ಅವರು ಯಾರಿಗೂ ಕೈ ಮುಗಿದವರಲ್ಲ. ಅಳಿಯ ಗೋಡೆಯ ಕಡೆ ತಿರುಗಿ ನಿಂತಿದ್ದರು. ಫೈಲು ಮುಚ್ಚಲು ಮ್ಯಾನೇಜರ ಕೈ ಮುಂದೆ ಹೋಯಿತು.

ಅತ್ತೆಗೆ ಮರಾಠಿ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ಪೆನ್ಸಿಲು ಎಲ್ಲಿತ್ತು ಎಂದು ನೋಡಿದ್ದರು. ಕುರ್ಚಿಯಲ್ಲಿ ನನ್ನ ಕಡೆ ತಿರುಗಿದರು. ಬಲಗೈಯ ಉಂಗುರಬೆರಳನ್ನು ನನ್ನ ಹಣೆಗೆ ಒತ್ತಿ ನನ್ನ ಕುಂಕುಮ ತೆಗೆದುಕೊಂಡರು. ನಾನು ಅವರ ಮಣಿಕಟ್ಟು ಹಿಡಿದೆ. "ಬ್ಯಾಡ್ರಿ ಅತ್ತಿ, ಬ್ಯಾಡ್ರಿ."

"ಕೈ ಬಿಡು" ಎಂದರು. ಎಷ್ಟೋ ತಿಂಗಳ ಮೇಲೆ ಆ ದನಿ ಕೇಳಿದೆ. ಆದರೆ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ಮೇಜಿನ ಮೇಲೆ ಇನ್ನೊಂದು ಕಾಗದ ಇತ್ತು. ಗಂಡ ಸತ್ತ ಮೇಲೆ ಮತ್ತೆ ಮದುವೆಯಾಗಿಲ್ಲ ಎಂದು ವಿಧವೆಯರು ಬರೆದುಕೊಡುವ ಕಾಗದ. ಮರುಮದುವೆಯಾದರೆ ಪೆನ್ಶನ್ ನಿಲ್ಲುತ್ತದೆ. ವರ್ಷವರ್ಷವೂ ಅದಕ್ಕೆ ಹೆಬ್ಬೆಟ್ಟು ಒತ್ತಿ ಅವರಿಗೆ ಆ ನಿಯಮ ಬಾಯಿಪಾಠವಾಗಿತ್ತು.

"ಕೇಳು ಅವರಿಗೆ" ಎಂದರು ಅತ್ತೆ. "ಇದನ್ನ ಹಚ್ಚಿಕೊಂಡ್ರ, ಲಗ್ನಾ ಮಾಡ್ಕೊಂಡಾಳ ಅಂತ ಬರೀತಾರೇನು ಕೇಳು."

ನಾನು ಅದನ್ನು ಮರಾಠಿಯಲ್ಲಿ ಕೇಳಿದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಯ ಮಾತು ನಾನು ಇನ್ನೊಂದು ಆಡಿಲ್ಲ. ಮ್ಯಾನೇಜರು ಪೆನ್ಸಿಲು ಕೆಳಗಿಟ್ಟರು. ಆಮೇಲೆ, "ನಾಹೀ ಆಜೀ, ತಸಂ ಕಾಹೀ ಲಿಹಿಣಾರ ನಾಹೀ" ಎಂದರು. ಹಾಗೇನೂ ಬರೆಯುವುದಿಲ್ಲ.

ಅತ್ತೆ ಕುಂಕುಮ ಹಚ್ಚಿಕೊಂಡರು. ಕನ್ನಡಿಯಿಲ್ಲದೆಯೂ ಅದು ಹುಬ್ಬಿನ ನಡುವೆ ಸರಿಯಾಗಿ ದುಂಡಗೆ ಕೂತಿತು. ಸೆರಗು ತಲೆಯ ಮೇಲೆ ಹೊದ್ದುಕೊಂಡು, ಎಡಗೈಯನ್ನು ಮಂಡಿಯ ಮೇಲಿಟ್ಟು, ಗದ್ದ ಬಿಗಿ ಹಿಡಿದು ಕೂತರು. ಕತ್ತು ತುಸು ಬಲಕ್ಕೆ ವಾಲಿತು. ಫೋಟೊದಲ್ಲಿ ಆ ಬದಿಗೆ ಮಾವ ಕೂತಿದ್ದಾರೆ. ಬ್ಯಾಂಕಿನಲ್ಲಿ ಆ ಬದಿಗೆ ಒಂದು ಖಾಲಿ ಕುರ್ಚಿ ಇತ್ತು. ಯಜಮಾನರು ನೋಡಲಾರದೆ ಹೊರಗೆ ನಡೆದರು. ಮ್ಯಾನೇಜರು ಫೋಟೊ ಎತ್ತಿ ಹಿಡಿದು ಒಂದು ಸಲ ನೋಡಿದರು, ಎರಡನೆಯ ಸಲ ನೋಡಲಿಲ್ಲ. ಪೆನ್ನು ತೆಗೆದು ಸಹಿ ಹಾಕಿ ಠಸ್ಸೆ ಒತ್ತಿದರು. ಮುಂದಿನ ತಿಂಗಳಿನಿಂದ ಬರುತ್ತದೆ, ತಪ್ಪಿಹೋದದ್ದೂ ಸೇರಿ ಬರುತ್ತದೆ ಎಂದರು.

ಅತ್ತೆ ಅಲ್ಲಿಂದ ಎದ್ದು ಯಾರ ಆಸರೆಯೂ ಇಲ್ಲದೆ ಬ್ಯಾಂಕಿನ ಹಿತ್ತಲಿಗೆ ಹೋದರು. ಅಲ್ಲಿ ಬೇವಿನ ಮರದ ಕೆಳಗೆ ಒಂದು ನಳ. ಕೂತು, ನೀರು ಬಿಟ್ಟುಕೊಂಡು, ಹಣೆ ತಿಕ್ಕತೊಡಗಿದರು. ನಾನು ಸೆರಗಿನ ತುದಿ ತೋಯಿಸಿ ಒರೆಸಲು ಹೋದೆ.

"ಮುಟ್ಟಬ್ಯಾಡ. ಆವತ್ತ ನಾಕ ಮಂದಿ ಹಿಡದು ಒರಸಿದ್ರು. ಇವತ್ತ ನಾನs ಒರಸ್ಕೋತೀನಿ."

ತಿಕ್ಕಿದರು, ತೊಳೆದರು, ಮತ್ತೆ ತಿಕ್ಕಿದರು. ಆಮೇಲೆ ತೊಯ್ದ ಮುಖ ನನ್ನ ಕಡೆ ಎತ್ತಿ, ಬ್ಯಾಂಕಿನ ಬಾಗಿಲ ಕಡೆ ಒಂದು ಕಣ್ಣಿಟ್ಟು ಕೇಳಿದರು. "ಪೂರಾ ಹೋತೇನು ನೋಡು. ಅವರು ಹೊರಗ ಬಂದು ನೋಡಿದ್ರ, ಮತ್ತ ಬ್ಯಾರೆ ಬರದಾರು."

ಕುಂಕುಮ ಯಾವಾಗಲೋ ಹೋಗಿತ್ತು. ತಿಕ್ಕಿ ತಿಕ್ಕಿ ಚರ್ಮವೇ ಕೆಂಪಗಾಗಿತ್ತು.

"ಹೋಗೇದ್ರಿ ಅತ್ತಿ" ಎಂದೆ.

ಅವರು ನನ್ನ ಮಾತು ನಂಬಲಿಲ್ಲ. ತಲೆ ಬಗ್ಗಿಸಿ ಮತ್ತೆ ತಿಕ್ಕತೊಡಗಿದರು.